ಹಳೆಯ ಕಾದಂಬರಿಯಲ್ಲಿ ಕಂಡ ನಮ್ಮ ಮನೆ

"ದೇಶ ಸುತ್ತು, ಕೋಶ ಓದು" ಎಂಬುದು ಹಿರಿಯರ ಮಾತು. ದೇಶ ಸುತ್ತುವ ಭಾಗ್ಯ ನನಗೆ ಇನ್ನೂ ಒದಗಿಲ್ಲ. ನಾನು ಸುತ್ತಿರುವ ದೇಶವೆಂದರೆ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಸ್ಸು ಬರುವ ಹಾದಿ, ಅಷ್ಟೆ. ಬೆಳಗ್ಗೆ ಬರುವುದು, ಸಂಜೆ ಹೋಗುವುದು; ಎರಡು ವರ್ಷಗಳಿಂದ ಇದೇ ನನ್ನ ತೀರ್ಥಯಾತ್ರೆ. ಆದರೆ ಕೋಶ ಓದುವುದಕ್ಕೆ ಈ ಯಾತ್ರೆಯಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಕಿಟಕಿಯ ಪಕ್ಕದಲ್ಲಿ ಜಾಗ ಸಿಕ್ಕಿತೆಂದರೆ, ಹಾನಗಲ್ಲು ದಾಟುವುದರೊಳಗೆ ಒಂದು ಅಧ್ಯಾಯ, ತಳುಕು ಬರುವುದರೊಳಗೆ ಇನ್ನೊಂದು. ಚಳ್ಳಕೆರೆಯ ಎಣ್ಣೆ ಗಿರಣಿಗಳ ವಾಸನೆ ಮೂಗಿಗೆ ಬಡಿದಾಗ ಪುಸ್ತಕ ಮುಚ್ಚಿದರೆ ಸರಿ.

ಹೀಗೆ ಒಂದು ದಿನ ಓದುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಸಹಪಾಠಿಯೊಬ್ಬನು ತನ್ನ ಫೋನಿನಿಂದ ಕಣ್ಣೆತ್ತಿ, "ಈ ಹಳೇ ಕಾದಂಬರಿಗಳಿಂದ ಈ ಕಾಲದೋರಿಗೆ ಏನು ಪ್ರಯೋಜನ? ನೀತಿ ಬೇಕಂದ್ರೆ ಸಾರಾಂಶ ಎರಡು ನಿಮಿಷದಲ್ಲಿ ಸಿಗುತ್ತೆ" ಎಂದು ಕೇಳಿದನು. ನನಗೆ ಆಗ ಉತ್ತರ ತೋಚಲಿಲ್ಲ. ನಕ್ಕು ಸುಮ್ಮನಾದೆ. ಆ ಉತ್ತರವನ್ನು ಈಗ ಇಲ್ಲಿ ಬರೆಯುವ ಸಾಹಸ ಮಾಡುತ್ತಿದ್ದೇನೆ. ನಾನು ವಿಮರ್ಶಕನಲ್ಲ, ಕಾದಂಬರಿಯ ಲಕ್ಷಣಗಳನ್ನು ವಿವೇಚಿಸುವ ಶಕ್ತಿ ನನಗಿಲ್ಲ. ಓದಿದ ಪುಸ್ತಕಗಳು ನನ್ನ ಮನೆಗೆ ಬಂದು ಏನು ಮಾಡಿದವು ಎಂಬುದನ್ನಷ್ಟೇ ಹೇಳಬಲ್ಲೆ. ಅದನ್ನು ಹೇಳಬೇಕಾದರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. ಗುರುಗಳೂ ಮಿತ್ರರೂ ಕ್ಷಮಿಸಬೇಕು.

ನಮ್ಮ ತಾಲ್ಲೂಕಿನಲ್ಲಿ ನೀತಿಗೆ ಬರವಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿರುವುದು ನಿಮಗೆಲ್ಲ ತಿಳಿದೇ ಇದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವುಗಳನ್ನು ಕಂಡು ಲೋಕಕ್ಕೆ ತಿಳಿಸಿದರು. ಪ್ರೌಢಶಾಲೆಯಲ್ಲಿದ್ದಾಗ ಮೇಷ್ಟ್ರು ನಮ್ಮನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ ಆ ಬಂಡೆಯ ಮುಂದೆ ನಿಲ್ಲಿಸಿ ಅದರ ಅರ್ಥವನ್ನು ಹೇಳಿದರು. ತಂದೆತಾಯಿಗಳ ಮಾತನ್ನು ನಡೆಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು, ಗುರುವನ್ನು ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರನ ಹೆಸರೂ ಇದೆ. ನಾನು ಆ ಮಾತುಗಳನ್ನು ಬಾಯಿಪಾಠ ಮಾಡಿ ಭಾಷಣ ಸ್ಪರ್ಧೆಯಲ್ಲಿ ಒಪ್ಪಿಸಿ ಬಹುಮಾನವನ್ನೂ ಪಡೆದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲಾಗಿ ಬಿಸಿಲು ಮಳೆಗಳಿಗೆ ಅಳಿಯದೆ ನಿಂತಿರುವ ಮಾತು ಅದು. ಆದರೆ ಅದು ನನ್ನ ಎದೆಯಲ್ಲಿ ಮೂರು ವರ್ಷವೂ ನಿಲ್ಲಲಿಲ್ಲ.

ನಮ್ಮ ತಂದೆ ರೇಷ್ಮೆ ಸೀರೆ ನೇಯುವವರು. ಮೊಳಕಾಲ್ಮೂರಿನ ಸೀರೆ ಎಂದರೆ ಹೆಸರಾದ ವಸ್ತು. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಸೀರೆಗೆ ಬಂದ ಹೆಸರು ನೇಯುವವನಿಗೆ ಬರುವುದಿಲ್ಲ ಎಂಬುದು ಬೇರೆ ಮಾತು. ಮಾಲೀಕರು ರೇಷ್ಮೆಯನ್ನೂ ಜರಿಯನ್ನೂ ಕೊಡುತ್ತಾರೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೇಯ್ದು ಕೊಟ್ಟರೆ ಮಜೂರಿ ಸಿಗುತ್ತದೆ. ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದರೆ ಅದೇ ಮಾಲೀಕರಿಂದ ಮುಂಗಡ ತರಬೇಕು. ಮುಂಗಡ ತೀರುವವರೆಗೆ ಬೇರೆಯವರಿಗೆ ನೇಯುವಂತಿಲ್ಲ. ಅಕ್ಕನ ಮದುವೆಗೆ ತಂದ ಮುಂಗಡ ನಮ್ಮ ಮನೆಯ ಮಗ್ಗದ ಮೇಲೆ ಇನ್ನೂ ಇದೆ.

ಕಾಲೇಜಿಗೆ ಸೇರಿದ ಮೊದಲ ವಾರ ಸ್ನೇಹಿತರು, "ನಿಮ್ಮ ತಂದೆ ಏನು ಮಾಡುತ್ತಾರೆ?" ಎಂದು ಕೇಳಿದಾಗ, "ಮೊಳಕಾಲ್ಮೂರಿನಲ್ಲಿ ಸೀರೆ ವ್ಯಾಪಾರ" ಎಂದುಬಿಟ್ಟೆ. ಏಕೆ ಹಾಗೆಂದೆನೋ ನನಗೇ ತಿಳಿಯದು. ಮಗ್ಗ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಯಿತು. ಒಂದು ಸುಳ್ಳಿಗೆ ಹತ್ತು ಸುಳ್ಳು ಕಾವಲು ಎನ್ನುತ್ತಾರೆ. ಅಂಗಡಿ ಎಲ್ಲಿದೆ ಎಂದರೆ ಒಂದು ಬೀದಿಯ ಹೆಸರು ಹೇಳಿದೆ. ಬರುತ್ತೇವೆ ಎಂದರೆ ಮುಂದಿನ ತಿಂಗಳು ಎಂದೆ.

ಒಂದು ದಿನ ಊಟದ ಕ್ಯಾರಿಯರನ್ನು ಮನೆಯಲ್ಲಿಯೇ ಮರೆತು ಬಂದಿದ್ದೆ. ಅಂದು ನಮ್ಮ ತಂದೆಗೂ ಚಳ್ಳಕೆರೆಯಲ್ಲಿ ಯಾರನ್ನೋ ಕಾಣುವ ಕೆಲಸವಿತ್ತು. ಮಧ್ಯಾಹ್ನ ಸ್ನೇಹಿತರೊಡನೆ ಕಾಲೇಜಿನ ಗೇಟಿನ ಬಳಿ ನಿಂತಿದ್ದೇನೆ. ನಮ್ಮ ತಂದೆ ಕೈಯಲ್ಲಿ ಕ್ಯಾರಿಯರು ಹಿಡಿದು ಬರುತ್ತಿದ್ದಾರೆ! ಬಣ್ಣದ ಕಲೆಯಾದ ಅದೇ ಹಳೆಯ ಅಂಗಿ. ಮಗ್ಗದಲ್ಲಿ ಬಾಗಿ ಬಾಗಿ ಗೂನಾದ ಅದೇ ಬೆನ್ನು. "ತಗಳಪ್ಪ, ಮರೆತು ಬಂದಿದ್ದೆ. ರೊಟ್ಟಿ ಆರೈತೆ, ಶೇಂಗಾ ಚಟ್ನಿ ಐತೆ" ಎಂದರು. ಕ್ಯಾರಿಯರನ್ನು ತೆಗೆದುಕೊಂಡೆ. ಪಕ್ಕದವನು, "ಯಾರೋ ಅವರು?" ಎಂದ. "ನಮ್ಮೂರಿನೋರು" ಎಂದೆ.

ಅವರು ಎರಡು ಹೆಜ್ಜೆ ದೂರದಲ್ಲಿದ್ದರು. ಕೇಳಿಸಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಒಂದು ಲೋಟ ನೀರನ್ನೂ ಕುಡಿಯದೆ ಬಸ್ ನಿಲ್ದಾಣದ ಕಡೆ ನಡೆದುಹೋದರು. ಬ್ರಹ್ಮಗಿರಿಯ ಬಂಡೆ ಹೇಳಿದ ಮಾತುಗಳಲ್ಲಿ ಎರಡನ್ನು ನಾನು ಒಂದೇ ಉಸಿರಿನಲ್ಲಿ ಮುರಿದಿದ್ದೆ. ಆದರೂ ಅಂದು ರೊಟ್ಟಿಯನ್ನು ರುಚಿಯಾಗಿಯೇ ತಿಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ; ಆದರೂ ನಿಜ ಅದೇ.

ಇದಾದ ಎರಡು ತಿಂಗಳ ಮೇಲೆ ನಮ್ಮ ಇಂಗ್ಲಿಷ್ ಉಪನ್ಯಾಸಕರು ತರಗತಿಯಲ್ಲಿ ಡಿಕನ್ಸ್ ಮಹಾಶಯನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯ ಕಥೆಯನ್ನು ಹೇಳಿದರು. ಅದು 1860 - 61ರಲ್ಲಿ ವಾರ ವಾರವೂ ಪತ್ರಿಕೆಯಲ್ಲಿ ಬಂದದ್ದು. ಪಿಪ್ ಎಂಬ ತಬ್ಬಲಿ ಹುಡುಗ; ಅವನನ್ನು ಅಕ್ಕರೆಯಿಂದ ಸಾಕಿದವನು ಅಕ್ಕನ ಗಂಡ, ಕಮ್ಮಾರ ಜೋ. ಯಾರೋ ಗುಪ್ತವಾಗಿ ಕೊಟ್ಟ ಹಣದಿಂದ ಪಿಪ್ ಲಂಡನ್ನಿಗೆ ಹೋಗಿ ದೊಡ್ಡ ಮನುಷ್ಯನಾಗುತ್ತಾನೆ. ಅವನನ್ನು ನೋಡಲು ಜೋ ಒಂದು ದಿನ ಲಂಡನ್ನಿಗೆ ಬರುತ್ತಾನೆ. ಹಣ ಕೊಟ್ಟಾದರೂ ಅವನ ಬರವನ್ನು ತಪ್ಪಿಸುವಂತಿದ್ದರೆ ತಪ್ಪಿಸುತ್ತಿದ್ದೆನೆಂದು ಪಿಪ್ ಅಂದುಕೊಳ್ಳುತ್ತಾನೆ. ಉಪನ್ಯಾಸಕರು ಇಷ್ಟು ಹೇಳುವಾಗ ನಾನು ಮೂರನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಆದರೂ ಇಡೀ ತರಗತಿ ನನ್ನನ್ನೇ ನೋಡುತ್ತಿದೆಯೆಂದು ತೋರಿತು.

ಗ್ರಂಥಾಲಯದಿಂದ ಆ ಪುಸ್ತಕ ತಂದೆ. ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓದಿ ಮುಗಿಸಲು ಒಂದೂವರೆ ತಿಂಗಳು ಹಿಡಿಯಿತು. ಜೋ ಬಂದು ಕುಳಿತಾಗ ತನ್ನ ಟೋಪಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುವುದು, ಅದು ಮತ್ತೆ ಮತ್ತೆ ಬೀಳುವುದು, ತಾನು ಎತ್ತಿ ಆಡಿಸಿದ ಹುಡುಗನನ್ನೇ 'ಸರ್' ಎಂದು ಕರೆಯುವುದು, ಇವೆಲ್ಲ ಎರಡು ನಿಮಿಷದ ಸಾರಾಂಶದಲ್ಲಿ ಇರಲಾರವು. ಆ ಟೋಪಿ ನನಗೆ ನಮ್ಮ ತಂದೆ ಹಿಡಿದು ತಂದ ಕ್ಯಾರಿಯರಿನಂತೆ ಕಂಡಿತು. ಪಿಪ್‌ನ ಮೇಲೆ ನನಗೆ ಕೋಪ ಬಂತು. "ಎಂಥ ಕೃತಘ್ನ!" ಎಂದು ಬಸ್ಸಿನಲ್ಲಿ ಬಾಯಿಬಿಟ್ಟೇ ಅಂದೆ. ಅಂದ ಮರುಕ್ಷಣ ಆ ಮಾತು ತಿರುಗಿ ನನ್ನ ಮೇಲೆಯೇ ಬಿತ್ತು. ನನ್ನನ್ನು ಯಾರಾದರೂ ಹಾಗೆ ನೇರವಾಗಿ ಬೈದಿದ್ದರೆ ಹತ್ತು ಸಮಾಧಾನ ಹೇಳುತ್ತಿದ್ದೆ. ಪಿಪ್‌ನನ್ನು ಬೈಯಲು ಹೋಗಿ ಸಿಕ್ಕಿಬಿದ್ದೆ.

ಸಿಕ್ಕಿಬಿದ್ದುದೇನೋ ಸರಿ, ತಂದೆಯವರ ಮುಂದೆ ತಪ್ಪೊಪ್ಪಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಮನೆಯ ಪರಿಸ್ಥಿತಿಯೂ ಕೆಟ್ಟಿತು. ವಿದ್ಯುತ್ ಮಗ್ಗದ ಅಗ್ಗದ ಸೀರೆಗಳ ಮುಂದೆ ಕೈಮಗ್ಗದ ಸೀರೆ ಸರಿಯಾಗಿ ಮಾರಾಟವಾಗುತ್ತಿಲ್ಲವೆಂದು ಮಾಲೀಕರು ಮುಂಗಡವನ್ನು ಬೇಗ ತೀರಿಸಲು ಒತ್ತಾಯ ಮಾಡತೊಡಗಿದರು. ಒಂದು ರಾತ್ರಿ ಊಟವಾದ ಮೇಲೆ ತಂದೆಯವರು, "ಈ ವರ್ಷಕ್ಕೆ ಕಾಲೇಜು ಸಾಕು ಮಾಡು. ಇನ್ನೊಂದು ಮಗ್ಗ ಹೂಡಾನ. ಇಬ್ರೂ ಕೂತ್ರೆ ಎರಡು ವರ್ಷಕ್ಕೆ ಸಾಲ ಹರೀತೈತೆ" ಎಂದರು. ನಾನು ಎದ್ದು ಹೊರಗೆ ಹೋದೆ.

ಆ ವಾರ ಗ್ರಂಥಾಲಯದಲ್ಲಿ ನನ್ನ ಕೈಗೆ ಸಿಕ್ಕಿದ್ದು ಶಿವರಾಮ ಕಾರಂತರ 'ಚೋಮನ ದುಡಿ'. 1933ರಷ್ಟು ಹಿಂದಿನ ಕಾದಂಬರಿ; ಗಾತ್ರದಲ್ಲಿ ಚಿಕ್ಕದು. ನನ್ನ ಮನಸ್ಸಿನಲ್ಲಿದ್ದ ಮಾತನ್ನು ನಾನು ಹೇಳಲಾರೆ, ಈ ಪುಸ್ತಕವಾದರೂ ಹೇಳಲಿ ಎಂದು ರಾತ್ರಿ ಮಗ್ಗದ ಪಕ್ಕ ಕುಳಿತು ಗಟ್ಟಿಯಾಗಿ ಓದತೊಡಗಿದೆ. ತಂದೆ ನೇಯುತ್ತಿದ್ದರು, ತಾಯಿ ರಾಟೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯ ಸದ್ದಿಗೆ ಹೊಂದುವಂತೆ ಓದಬೇಕಾಗಿತ್ತು.

ಸ್ವಂತಕ್ಕೆ ಬೇಸಾಯ ಮಾಡಬೇಕೆಂಬುದು ಚೋಮನ ಆಸೆ. ಅವನು ಹುಟ್ಟಿದ ಜಾತಿಗೆ ಆ ಆಸೆಯೇ ಅಪರಾಧ. ಒಡೆಯ ಸಂಕಪ್ಪಯ್ಯನಿಗೆ ಮನಸ್ಸು ಒಂದಿಷ್ಟು ಕರಗಿದರೂ ಮನೆಯ ಹಿರಿಯಾಕೆ ಒಪ್ಪುವುದಿಲ್ಲ. ಇತ್ತ ಕಾಫಿ ತೋಟದ ಸಾಲ ಕುತ್ತಿಗೆಗೆ ಬಂದಿದೆ. ಅದನ್ನು ತೀರಿಸಲು ಮಕ್ಕಳು ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರಕ್ಕೆ ಬಲಿಯಾಗುತ್ತಾನೆ, ಇನ್ನೊಬ್ಬ ಹಿಂದಿರುಗುವುದೇ ಇಲ್ಲ. ಇಲ್ಲಿಗೆ ಬಂದಾಗ ಲಾಳಿ ನಿಂತಿತು.

"ಸಾಲ ಎಷ್ಟಂತೆ?" ಎಂದರು ತಂದೆ.

"ಹೆಚ್ಚೇನಿಲ್ಲಪ್ಪ. ಚಿಲ್ಲರೆ ಸಾಲ."

"ಚಿಲ್ಲರೆ ಸಾಲ ಅನ್ನಾದು ಯಾವುದೂ ಇಲ್ಲ ಕಣೋ. ತೀರಿಸಾಕೆ ಆಗದಿದ್ರೆ ಎಲ್ಲಾ ದೊಡ್ಡದೇ" ಎಂದು ಮತ್ತೆ ಲಾಳಿ ಎಸೆದರು.

ಚೋಮನ ಕಷ್ಟಕ್ಕೂ ನಮ್ಮ ಕಷ್ಟಕ್ಕೂ ಸರಿಸಾಟಿಯೆಂದು ಹೇಳಿದರೆ ಅದು ದೊಡ್ಡ ತಪ್ಪಾಗುತ್ತದೆ. ನೀರಿನಲ್ಲಿ ಮುಳುಗುತ್ತಿರುವ ಅವನ ಕಿರಿಯ ಮಗ ನೀಲನನ್ನು, ಮುಟ್ಟಬಾರದವನೆಂಬ ಕಾರಣಕ್ಕೆ, ದಡದಲ್ಲಿದ್ದವರು ಮೇಲೆತ್ತುವುದಿಲ್ಲ. ಅಂಥ ನರಕವನ್ನು ನಾವು ಕಂಡಿಲ್ಲ. ನಮ್ಮ ತಾಲ್ಲೂಕುಗಳಲ್ಲಿಯೇ ಅದರ ನೆನಪನ್ನು ಹೊತ್ತಿರುವ ಮನೆಗಳಿವೆ. ಆ ಮನೆಗಳ ಮಿತ್ರರು ನನ್ನ ಪಕ್ಕದಲ್ಲಿ ಕುಳಿತು ಓದುತ್ತಿದ್ದಾರೆ. ಪುಸ್ತಕವು ನನಗೆ ನಮ್ಮ ಮನೆಯನ್ನು ತೋರಿಸಿದಂತೆಯೇ, ನಮ್ಮ ಮನೆಗಿಂತ ಕತ್ತಲಾದ ಮನೆಯನ್ನೂ ತೋರಿಸಿತು. ನನ್ನ ಸಂಕಟದಲ್ಲಿ ನಾನೇ ಮುಳುಗಿಹೋಗದಂತೆ ಅದು ತಡೆಯಿತು.

ಕೊನೆಯ ರಾತ್ರಿ ಚೋಮ ಗುಡಿಸಲಿನಲ್ಲಿ ಒಬ್ಬನೇ ಕುಳಿತು ಉಸಿರಿರುವವರೆಗೆ ದುಡಿ ಬಾರಿಸುವುದನ್ನು ಓದಿದಾಗ ನಮ್ಮ ಮಗ್ಗವೂ ನಿಂತಿತ್ತು, ರಾಟೆಯೂ ನಿಂತಿತ್ತು. ತಂದೆ ಏನೂ ಹೇಳಲಿಲ್ಲ. ದೀಪ ಆರಿಸಿ ಮಲಗಿದ ಮೇಲೆ ಕತ್ತಲಲ್ಲಿ, "ಮಕ್ಕಳನ್ನ ತೋಟಕ್ಕೆ ಕಳಿಸಬಾರದಿತ್ತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಕಳಿಸದೆ ಏನು ಮಾಡ್ತಾನೆ, ಪಾಪ" ಎಂದೂ ಅಂದರು. ಚೋಮನನ್ನು ತಪ್ಪಿತಸ್ಥನೆನ್ನಲು ಅವರಿಗೆ ಮನಸ್ಸು ಬರಲಿಲ್ಲ. ನಾನು ಹೊದಿಕೆಯೊಳಗೆ ಮುಖವಿಟ್ಟು ಯೋಚಿಸಿದೆ: ಮಗನನ್ನು ಮಗ್ಗಕ್ಕೆ ಕರೆದ ನನ್ನ ತಂದೆಗೂ ಅದಕ್ಕಿಂತ ಬೇರೆ ದಾರಿ ಕಂಡಿರಲಿಲ್ಲವೇನೊ? ಅದುವರೆಗೆ ನಾನು ಅವರನ್ನು ನನ್ನ ಓದಿಗೆ ಅಡ್ಡ ಬಂದವರೆಂದು ನೋಡಿದ್ದೆನೇ ಹೊರತು, ಅವರೂ ದಾರಿಕಾಣದ ಮನುಷ್ಯರೆಂದು ನೋಡಿರಲಿಲ್ಲ.

ಓದುವ ಅಭ್ಯಾಸ ಮನೆಯಲ್ಲಿ ಮುಂದುವರಿಯಿತು. ಮುಂದಿನ ಪುಸ್ತಕ ಯಾವುದು ಎಂದು ತಾಯಿಯೇ ಕೇಳಿದಳು. ನಾನು ತಂದದ್ದು ತ. ರಾ. ಸು. ಅವರ 'ಹಂಸಗೀತೆ'. ದಿನವೂ ಬಸ್ಸು ನಿಲ್ಲುವ ಆ ತಳುಕು ಎಂಬ ಊರಿನ ಮಹಿಮೆಯನ್ನು ಇಲ್ಲಿ ಹೇಳದಿರಲಾರೆ. ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿರುವುದು ತಮ್ಮ ಗುರು ತಳುಕಿನ ವೆಂಕಣ್ಣಯ್ಯನವರಿಗೆ. ಅದೇ ಮನೆತನದವರು ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು. ಅವರು 1984ರಲ್ಲಿ ತೀರಿಕೊಂಡರು. ದುರ್ಗದ ಪತನವನ್ನು ಕುರಿತ ಅವರ 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ. 1952ರ 'ಹಂಸಗೀತೆ'ಯನ್ನು ಆಧರಿಸಿ 1956ರಲ್ಲಿ ಹಿಂದಿಯಲ್ಲಿ 'ಬಸಂತ್ ಬಹಾರ್', 1975ರಲ್ಲಿ ಕನ್ನಡದಲ್ಲಿ ಜಿ. ವಿ. ಅಯ್ಯರ್ ಅವರ 'ಹಂಸಗೀತೆ' ಚಲನಚಿತ್ರಗಳು ಬಂದವು. ಮುಂಬಯಿಯವರೆಗೆ ಹೋದ ಕಥೆಗೆ ಸಂಬಂಧಿಸಿದ ಊರನ್ನು ನಾವು "ಟೀ ಕುಡಿಯಲು ಐದು ನಿಮಿಷ" ಎಂದಷ್ಟೇ ತಿಳಿದಿದ್ದೇವೆ!

ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ ತನ್ನ ವಿದ್ಯೆ ದೇವರಿಗೆ ಮೀಸಲೆಂದು ನಂಬಿದವನು. ಟಿಪ್ಪು ಸುಲ್ತಾನನು ತನ್ನ ಮುಂದೆ ಹಾಡಬೇಕೆಂದು ಅಪ್ಪಣೆ ಮಾಡಿದಾಗ ಹಾಡುವ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಈ ಭಾಗ ಓದುವಾಗ ನನ್ನ ಗಂಟಲು ಬಿಗಿದಿತ್ತು. ಕಲೆಗಾರನ ಸ್ವಾಭಿಮಾನ ಎಂದರೆ ಇದು ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ತಾಯಿ ರಾಟೆ ನಿಲ್ಲಿಸಿ ಕೇಳಿದಳು: "ಆಮೇಲೆ ಆ ಮನೆ ಒಲೆ ಹೊತ್ತಿಸೋರು ಯಾರಂತೆ? ಅದನ್ನ ಬರೆದಾರಾ?"

ಈ ಪ್ರಶ್ನೆಗೆ ಉತ್ತರ ಹೇಳುವುದು ನನ್ನಿಂದಾಗಲಿಲ್ಲ. ತಂದೆ ಮಾತ್ರ ಮಗ್ಗದ ಕುಣಿಯಲ್ಲಿ ಕುಳಿತೇ ನಕ್ಕರು. ಆ ನಗುವಿನ ಹಿಂದೆ ಒಂದು ಕಥೆಯಿತ್ತು. ಅಂಚಿಗೆ ಕೀಳು ಜರಿ ಹಾಕಿ ಒಳ್ಳೆಯ ಜರಿಯೆಂದೇ ಮಾರುವ ಸೀರೆಗಳನ್ನು ನೇಯಲು ಮಾಲೀಕರು ಒಮ್ಮೆ ಹೇಳಿದ್ದರಂತೆ. ನಮ್ಮ ತಂದೆ ಒಲ್ಲೆನೆಂದರು. ಎರಡು ತಿಂಗಳು ಅವರಿಗೆ ರೇಷ್ಮೆ ಸಿಗಲಿಲ್ಲ. ಆ ಎರಡು ತಿಂಗಳು ತಾಯಿ ಶೇಂಗಾ ಬಿಡಿಸುವ ಕೂಲಿಗೆ ಹೋದಳು. ಈ ಸಂಗತಿ ನನಗೆ ತಿಳಿದದ್ದು ಆ ರಾತ್ರಿಯೇ. ಸ್ವಾಭಿಮಾನದ ಬೆಲೆಯನ್ನು ಯಾವಾಗಲೂ ಸ್ವಾಭಿಮಾನಿಯೇ ತೆರುವುದಿಲ್ಲ ಎಂಬುದು ತಾಯಿಯ ಪ್ರಶ್ನೆಯ ಅರ್ಥ. ಕಾದಂಬರಿ ಹೇಳಿದ್ದನ್ನೆಲ್ಲ ನಾವು ಒಪ್ಪಬೇಕೆಂದಿಲ್ಲ, ಅದರೊಡನೆ ಜಗಳವಾಡಬಹುದು. ಒಳ್ಳೆಯ ಕಾದಂಬರಿ ಜಗಳಕ್ಕೂ ಜಾಗ ಕೊಡುತ್ತದೆ.

ಆ ರಾತ್ರಿ ಮಾತು ಮಾತಿಗೆ ಬಂದು ನನ್ನ ಬಾಯಿ ಕಟ್ಟೊಡೆಯಿತು. "ಅಪ್ಪ, ಆವತ್ತು ಕಾಲೇಜ್ ಹತ್ರ..." ಎಂದು ಶುರುಮಾಡಿದೆ. ಮುಂದಕ್ಕೆ ಮಾತು ಹೊರಡಲಿಲ್ಲ. ತಂದೆ ಕಡಿದ ಎಳೆಯೊಂದನ್ನು ಬೆರಳಿನಿಂದ ಹೊಸೆದು ಜೋಡಿಸುತ್ತಿದ್ದರು. ತಲೆ ಎತ್ತದೆಯೇ, "ಊರಿನೋರು ಅಂದೆ. ಕೇಳಿಸ್ತು. ಸುಳ್ಳೇನಲ್ಲ ಬಿಡು, ನಾನು ಊರಿನೋನೇ ಅಲ್ವಾ?" ಎಂದರು.

ಬೈದಿದ್ದರೆ ಒಳ್ಳೆಯದಿತ್ತು. ತಿಂಗಳುಗಟ್ಟಲೆ ಅದನ್ನು ಎದೆಯಲ್ಲಿಟ್ಟುಕೊಂಡು ನನಗೆ ಬಸ್ಸಿನ ಖರ್ಚು ಕೊಟ್ಟಿದ್ದರು. ಡಿಕನ್ಸನ ಜೋ ಕೂಡ ಹೀಗೆಯೇ. ಕೊನೆಯಲ್ಲಿ ಪಿಪ್‌ನ ಸಾಲವನ್ನು ತಾನೇ ತೀರಿಸಿ, ಎದುರು ನಿಂತು ಕೃತಜ್ಞತೆ ಕೇಳದೆ ಊರಿಗೆ ಹೊರಟುಹೋಗುತ್ತಾನೆ. ನೂರಾರು ವರ್ಷಗಳ ಆಚೆಯ, ಏಳು ಸಮುದ್ರಗಳ ಆಚೆಯ ಕಮ್ಮಾರನೊಬ್ಬನೂ ಮೊಳಕಾಲ್ಮೂರಿನ ನೇಕಾರರೊಬ್ಬರೂ ಒಂದೇ ರೀತಿ ನಡೆದುಕೊಂಡದ್ದನ್ನು ಕಂಡು ನಾನು ಮೂಕನಾದೆ. ಎದ್ದು ಹೋಗಿ ಮಗ್ಗದ ಕುಣಿಯ ಅಂಚಿನಲ್ಲಿ ಕುಳಿತೆ. ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ. ಅಂದು ಅವರು ನೇಯುವುದನ್ನು ನಿಲ್ಲಿಸುವವರೆಗೆ ಕಂಡಿಕೆ ಸುತ್ತಿಕೊಟ್ಟದ್ದು ನೆನಪಿದೆ.

ಕಥೆಗಳಲ್ಲಿ ಆಗುವಂತೆ ಇದರಿಂದ ನಮ್ಮ ಸಾಲ ತೀರಲಿಲ್ಲ. ಮುಂಗಡ ಇನ್ನೂ ಇದೆ; ವಿದ್ಯುತ್ ಮಗ್ಗಗಳೂ ಇವೆ. ಆಗಿರುವ ಏರ್ಪಾಡು ಇಷ್ಟೆ: ಭಾನುವಾರ ಮತ್ತು ರಜೆಯ ದಿನಗಳಲ್ಲಿ ನಾನು ಮಗ್ಗಕ್ಕೆ ಕೂರುತ್ತೇನೆ, ಉಳಿದ ದಿನ ಕಾಲೇಜು. ಪದವಿ ಮುಗಿಯುವವರೆಗೆ ಹೀಗೆ ನಡೆಯಲೆಂದು ತಂದೆಯವರೇ ಹೋಗಿ ಮಾಲೀಕರೊಡನೆ ಮಾತನಾಡಿ ಬಂದರು. ನನ್ನ ಕೈಯಲ್ಲಿ ಇನ್ನೂ ಎಳೆಗಳು ಕಡಿಯುತ್ತವೆ. ಅವುಗಳನ್ನು ಹೊಸೆದು ಕೂಡಿಸುವುದನ್ನು ಕಲಿಯುತ್ತಿದ್ದೇನೆ.

ಈಗ ನನ್ನ ಸಹಪಾಠಿಯ ಪ್ರಶ್ನೆಗೆ ಬರುತ್ತೇನೆ. ಮಿತ್ರನೇ, ನೀನು ಹೇಳಿದ್ದು ಅರ್ಧ ಸರಿ. ನೀತಿಯಷ್ಟೇ ಬೇಕಾದರೆ ಕಾದಂಬರಿಯೂ ಬೇಡ, ಎರಡು ನಿಮಿಷದ ಸಾರಾಂಶವೂ ಬೇಡ. ಬ್ರಹ್ಮಗಿರಿಯ ಬಂಡೆ ಸಾಕು. ಆದರೆ ಆ ನೀತಿ ಬಾಯಿಗೆ ಬಂದಿದ್ದರೂ ನಾನು ಸುಳ್ಳು ಹೇಳಿದೆ. ಬಂಡೆ ನನಗೆ ಏನು ಮಾಡಬೇಕೆಂದು ಹೇಳಿತು. ನಾನು ಏನು ಮಾಡಿದ್ದೇನೆಂದು ತೋರಿಸಲಿಲ್ಲ. ಪಿಪ್ ತೋರಿಸಿದ. ನನ್ನ ತಂದೆಯ ಮನಸ್ಸಿನೊಳಗೆ ಏನಿದೆಯೆಂದು ಚೋಮ ತೋರಿಸಿದ. ನನ್ನ ತಾಯಿ ಏನನ್ನು ನುಂಗಿಕೊಂಡಿದ್ದಳೆಂಬುದು ವೆಂಕಟಸುಬ್ಬಯ್ಯನ ನೆಪದಲ್ಲಿ ಹೊರಗೆ ಬಂತು. ನಮ್ಮ ಮನೆಯನ್ನು ನಾವೇ ನೋಡಹೋದರೆ ಸಿಟ್ಟೋ ನಾಚಿಕೆಯೋ ಕಣ್ಣಿಗೆ ಅಡ್ಡ ಬರುತ್ತದೆ. ಅದೇ ಮನೆಯನ್ನು ಬೇರೆಯವರ ಮನೆಯೆಂಬಂತೆ ತೋರಿಸಿದಾಗ ಕಣ್ಣು ತಿಳಿಯಾಗುತ್ತದೆ. ಕಾಲ ಬದಲಾಗಿದೆ ನಿಜ. ಜಟಕಾ ಹೋಗಿ ಬಸ್ಸು ಬಂತು, ಓಲೆ ಹೋಗಿ ಫೋನು ಬಂತು. ಆದರೆ ಹೆತ್ತವರ ಅಂಗಿಯ ಕಲೆಯನ್ನು ಕಂಡು ನಾಚುವ ಮಕ್ಕಳೂ, ಅದನ್ನು ತಿಳಿದೂ ತಿಳಿಯದಂತಿರುವ ಹೆತ್ತವರೂ ಹೋಗಿಲ್ಲ. ಅವರು ಇರುವವರೆಗೆ ಆ ಪುಸ್ತಕಗಳು ಹಳೆಯವಾಗುವುದಿಲ್ಲ.

ಕೊನೆಯದಾಗಿ ಒಂದು ಮಾತು. ಈ ಸಂಚಿಕೆಯಲ್ಲಿ ಬರೆಯುವ ಅವಕಾಶ ಸಿಕ್ಕಾಗ ಬೇರೆ ವಿಷಯಗಳೂ ಇದ್ದವು. ಇದನ್ನೇ ಆರಿಸಿಕೊಂಡದ್ದು ಒಂದು ಲೆಕ್ಕ ಚುಕ್ತಾ ಮಾಡುವುದಕ್ಕೆ. ಕಾಲೇಜಿನ ಗೇಟಿನ ಬಳಿ ನಾಲ್ಕು ಜನರ ಮುಂದೆ ಸುಳ್ಳು ಹೇಳಿದ್ದೆ. ಅದನ್ನು ಎಲ್ಲರ ಮುಂದೆ ತಿದ್ದಬೇಕೆಂದು ತೋರಿತು. ನನಗೆ ಮೊಳಕಾಲ್ಮೂರಿನಲ್ಲಿ ಯಾವ ಅಂಗಡಿಯೂ ಇಲ್ಲ. ಅಂದು ಕ್ಯಾರಿಯರು ತಂದುಕೊಟ್ಟವರು ನನ್ನ ತಂದೆ. ಅವರು ನೇಕಾರರು. ನೋಡಬೇಕೆಂದಿದ್ದ ಮಿತ್ರರು ಯಾವ ಭಾನುವಾರವಾದರೂ ಬರಬಹುದು. ಮಗ್ಗದಲ್ಲಿ ಒಬ್ಬರಲ್ಲ ಒಬ್ಬರು ಕುಳಿತೇ ಇರುತ್ತೇವೆ. ಬರುವಾಗ ಗ್ರಂಥಾಲಯದಿಂದ ಒಂದು ಕಾದಂಬರಿಯನ್ನು ತನ್ನಿ. ನಮ್ಮ ತಾಯಿ ಮುಂದಿನ ಪುಸ್ತಕ ಯಾವುದೆಂದು ಕೇಳುತ್ತಿದ್ದಾಳೆ.